ಕೊಳೆರೋಗ ಮತ್ತು ಕೋಲ್ಮನ್

ಜಯನಗರದ ಮಾರುಕಟ್ಟೆಯಲ್ಲಾಗಲಿ, ಗಾಂಧಿಬಜಾರಿನಲ್ಲಾಗಲಿ ಹಬ್ಬದ ಮುನ್ನಾದಿನ ಎಲೆಯಡಕೆ ಕೊಳ್ಳುವ ನಮಗೆ ಅಡಕೆಯ ಬೆಲೆ ಏರಿದುದು ತಿಳಿಯುತ್ತದೆ. ಏಕೆ ಏರಿತೆಂಬುದು ತಿಳಿಯುವುದಿಲ್ಲ. ಕೇಳಿದರೆ ಅಂಗಡಿಯಾತ, “ಮಲೆನಾಡಲ್ಲಿ ಮಳೆ ಜಾಸ್ತಿ ಸ್ವಾಮಿ, ಕೊಳೆ ಬಂದಿದೆ” ಎಂದು ತಕ್ಕಡಿ ಎತ್ತುತ್ತಾನೆ. ಆ ಎರಡಕ್ಷರದ ಹಿಂದೆ ನೂರು ವರ್ಷಗಳಿಗೂ ಮಿಕ್ಕ ವಿಜ್ಞಾನದ ಕಥೆಯೊಂದಿದೆ.

ಈ ನಮ್ಮ ಮಾತು ಲ್ಯಾಟಿನ್ನಿನ ಪಂಕ್ತಿಯಲ್ಲಿಯೂ ಕುಳಿತಿರುವುದನ್ನು ಭಾಷಾಪ್ರಿಯರು ಗಮನಿಸಬೇಕು. ಕಾಫಿಯ ಎಲೆಯನ್ನು ಕೊಳೆಯಿಸುವ ಶಿಲೀಂಧ್ರಕ್ಕೆ 1876ರಲ್ಲಿ ಇಂಗ್ಲೆಂಡಿನ ಕುಕ್ ಎಂಬ ವಿದ್ವಾಂಸನು ‘ಪೆಲಿಕ್ಯುಲೇರಿಯ ಕೊಳೆರೋಗ’ ಎಂದು ಹೆಸರಿಟ್ಟನು. ಅಡಕೆಯ ಕೊಳೆಗೆ ಕಾರಣವಾದ ಜೀವಿ ಮಾತ್ರ ಬೇರೆ. ಹೆಸರೊಂದೇ, ಅಪರಾಧಿಗಳು ಇಬ್ಬರು!

ಎರಡನೆಯ ಅಪರಾಧಿಯನ್ನು ಹಿಡಿದವರು ಕೆನಡಾ ದೇಶದ ಲೆಸ್ಲಿ ಕೋಲ್ಮನ್. 1908ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಸಸ್ಯರೋಗ ಮತ್ತು ಕೀಟಗಳ ತಜ್ಞರಾಗಿ ಅವರು ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆಯೂ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರವೂ ಅವರ ಕಾಲದವು. ಆದರೆ ಮಲೆನಾಡಿನ ತೋಟಿಗರಿಗೆ ಅವರನ್ನು ಹತ್ತಿರ ತಂದುದು 1910ರಲ್ಲಿ ಪ್ರಕಟವಾದ, ಅಡಕೆಯ ಕೊಳೆರೋಗವನ್ನು ಕುರಿತ ಅವರ ಪುಸ್ತಿಕೆ. ರೋಗಕ್ಕೆ ಕಾರಣ ‘ಫೈಟಾಫ್ತೊರ’ ಕುಲದ ಜೀವಿಯೆಂದು ಅವರು ಅದರಲ್ಲಿ ವಿವರಿಸಿದರು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಯಿಸಿ ಲಕ್ಷಾಂತರ ಜನರನ್ನು ಹಸಿವಿಗೆ ಕೆಡವಿದುದೂ ಇದೇ ಕುಲದ್ದು. ಗ್ರೀಕಿನಲ್ಲಿ ಆ ಹೆಸರಿಗೆ ಸಸ್ಯನಾಶಕವೆಂದೇ ಅರ್ಥ.

ಇದರ ನಡವಳಿಕೆ ವಿಚಿತ್ರವಾದುದು. ಇದು ನಿಜವಾದ ಶಿಲೀಂಧ್ರವೂ ಅಲ್ಲ. ಪಾಚಿಗಳಿಗೆ ಹತ್ತಿರದ ನಂಟು. ಇದರ ಬೀಜಾಣುಗಳಿಗೆ ಬಾಲದಂಥ ಎರಡು ಎಳೆಗಳುಂಟು. ಕಾಯಿಯ ಮೇಲೆ ನಿಂತ ನೀರಿನ ತೆಳುಪೊರೆಯಲ್ಲಿ ಅವು ಈಜುತ್ತವೆ. ಮೊದಲು ಕಾಯಿಯ ತೊಟ್ಟಿನ ಬಳಿ ನೀರು ಹೀರಿದಂತಹ ಕಡುಹಸುರು ಕಲೆ. ಕೆಲವೇ ದಿನಗಳಲ್ಲಿ ಎಳೆಗಾಯಿಗಳು ಉದುರುತ್ತವೆ, ಬಿದ್ದ ಕಾಯಿಗೆ ಬಿಳಿಯ ಬೂಸ್ಟು ಹಿಡಿಯುತ್ತದೆ. ಸುಳಿಗೆ ಇಳಿಯಿತೋ, ಮರವೇ ಹೋಯಿತು.

ಮಳೆಯ ನೀರು ತಾಗದಿರಲೆಂದು ಗೊನೆಗಳಿಗೆ ‘ಕೊಟ್ಟೆ’ ಕಟ್ಟುವ ರೂಢಿ ಮಲೆನಾಡಿನಲ್ಲಿ ಹಿಂದಿನಿಂದಲೂ ಇದ್ದಿತು. ಸೂಕ್ಷ್ಮದರ್ಶಕವಿಲ್ಲದ ತೋಟಿಗನ ಕಣ್ಣು ತಪ್ಪಿರಲಿಲ್ಲವೆಂದೇ ನನ್ನ ಅಭಿಪ್ರಾಯ. ಕೋಲ್ಮನ್ನರು ಕೊಟ್ಟೆಯ ಬದಲಿಗೆ ತಂದುದು ಬೋರ್ಡೊ ದ್ರಾವಣ. ಅದರ ಹುಟ್ಟೂ ಸ್ವಾರಸ್ಯಕರ. ಫ್ರಾನ್ಸಿನಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ತೋಟದವರು ಬಳ್ಳಿಗಳಿಗೆ ಮೈಲುತುತ್ತ ಸುಣ್ಣ ಬಳಿಯುತ್ತಿದ್ದರು. ಬಳಿದ ಬಳ್ಳಿಗಳಿಗೆ ರೋಗವಿಲ್ಲದುದನ್ನು ಕಂಡ ಮಿಲಾರ್ಡೆ ಎಂಬ ಪ್ರಾಧ್ಯಾಪಕರು 1885ರಲ್ಲಿ ಅದನ್ನು ಔಷಧಿಯಾಗಿ ಪ್ರಕಟಿಸಿದರು. ಕಳ್ಳನಿಗೆ ಹೂಡಿದ ಉಪಾಯ ಕೊಳೆಗೆ ತಗಲಿತು!

ನೂರು ಲೀಟರು ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ. ಬೇರೆಬೇರೆ ಕದಡಿ ಕೂಡಿಸಬೇಕು. ಹೊಳೆಯುವ ಕಬ್ಬಿಣದ ಚೂರಿಯನ್ನದ್ದಿದಾಗ ಅಲಗು ಕೆಂಪಡರಿದರೆ ಸುಣ್ಣ ಸಾಲದೆಂದು ತಿಳಿಯಬೇಕು. ಇಂದಿಗೂ ತೋಟಗಳಲ್ಲಿ ನಡೆಯುವುದು ಇದೇ ಪಾಕ.

ಆದರೆ ಈ ದ್ರಾವಣ ರೋಗವನ್ನು ತಡೆಯುತ್ತದೆ, ಬಂದ ರೋಗವನ್ನು ಗುಣಪಡಿಸುವುದಿಲ್ಲ. ಮುಂಗಾರಿಗೆ ಮೊದಲೊಮ್ಮೆ, ನಲವತ್ತು ನಲವತ್ತೈದು ದಿನಗಳ ಮೇಲೆ ಮತ್ತೊಮ್ಮೆ ಸಿಂಪಡಿಸಲೇಬೇಕು. ಆ ಎರಡನೆಯ ಸರದಿ ಬರುವುದು ಜಡಿಮಳೆಯ ನಡುವೆ. ದ್ರಾವಣ ಒಣಗಿ ಅಂಟಲು ಕೆಲವು ಗಂಟೆಗಳ ಬಿಸಿಲು ಬೇಕು. ಜಾರುವ ಮರವನ್ನೇರುವ ಕೊನೆಗಾರ ಬೇಕು. ಕೊನೆಗಾರರು ವರ್ಷವರ್ಷಕ್ಕೆ ವಿರಳವಾಗುತ್ತಿದ್ದಾರೆ. ನೆಲದಲ್ಲೇ ನಿಂತು ಸಿಂಪಡಿಸುವ ಹಗುರವಾದ ಕಾರ್ಬನ್ ಫೈಬರ್ ದೋಟಿಗಳು ಈಚೆಗೆ ಬಂದಿವೆ. ಆದರೆ ಅವುಗಳ ಬೆಲೆ ಸಣ್ಣ ಹಿಡುವಳಿದಾರನ ಕೈಗೆ ಸುಲಭವಾಗಿ ನಿಲುಕುವಂಥದಲ್ಲ. ಆತ ದ್ರಾವಣದ ಪೀಪಾಯಿ ಸಿದ್ಧಪಡಿಸಿಕೊಂಡು, ಜಗಲಿಯಲ್ಲಿ ಕುಳಿತು, ಮೋಡ ಸರಿಯುವುದನ್ನೂ ಕೊನೆಗಾರ ಬರುವುದನ್ನೂ ಕಾಯುತ್ತಾನೆ.