ಹಂದಿಗೋಡಿನ ಎಲುಬು ಹೇಳಿದ ಸತ್ಯ

ಬಾರ್ಕೂರಿನಲ್ಲಿ ಯಾರಿಗಾದರೂ ಕೆಮ್ಮು ವಾರಗಟ್ಟಲೆ ಬಿಡದಿದ್ದರೆ, ಡಾಕ್ಟರು ಬರೆದ ಚೀಟಿ ಹಿಡಿದು ಬ್ರಹ್ಮಾವರಕ್ಕೋ ಉಡುಪಿ, ಮಣಿಪಾಲಕ್ಕೋ ಬಸ್ಸು ಹತ್ತುವುದು ರೂಢಿ. ಎಕ್ಸ್‌ರೇ ಕೋಣೆಯಲ್ಲಿ ಕೆಲಸ ಮುಗಿಯಲು ಹೆಚ್ಚು ಹೊತ್ತು ಬೇಡ. ಆದರೆ ಅಲ್ಲಿ ರೇಡಿಯೋಗ್ರಾಫರ್ ಹೇಳುವ ಒಂದೊಂದು ಮಾತಿಗೂ ಕಾರಣವಿದೆ.

"ಎದೆ ಸ್ಟ್ಯಾಂಡಿಗೆ ತಾಗ್ಸಿ ನಿಲ್ಲಿ" ಎನ್ನುತ್ತಾರೆ. ಯಂತ್ರ ಇರುವುದು ಬೆನ್ನ ಹಿಂದೆ, ಸುಮಾರು ಆರು ಅಡಿ ದೂರದಲ್ಲಿ. ಎಕ್ಸ್‌ರೇ ಚಿತ್ರ ಎಂದರೆ ನೆರಳು. ಚಿಮಿಣಿ ದೀಪದ ಮುಂದೆ ಹಿಡಿದ ಕೈ ಗೋಡೆಗೆ ಹತ್ತಿರವಾದಷ್ಟೂ ನೆರಳು ಕೈಯ ನಿಜವಾದ ಅಳತೆಗೆ ಬರುತ್ತದಲ್ಲ, ಹಾಗೆ. ಹೃದಯವಿರುವುದು ಎದೆಯ ಮುಂಭಾಗಕ್ಕೆ. ಎದೆ ಸ್ಟ್ಯಾಂಡಿನಲ್ಲಿರುವ, ನೆರಳು ಬೀಳುವ ಫಲಕಕ್ಕೆ ಒತ್ತಿದ್ದರೆ ಅದರ ಗಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಕಾಣುತ್ತದೆ. ಎದ್ದು ನಿಲ್ಲಲಾಗದವರಿಗೆ ಮಲಗಿಸಿ ಮುಂದಿನಿಂದ ತೆಗೆದರೆ, ಇಲ್ಲದ ಹೃದಯದ ಊತ ಇದ್ದಂತೆ ತೋರಬಹುದು. "ಕೈ ಸೊಂಟಕ್ಕಿಡಿ, ಮೊಣಕೈ ಮುಂದೆ ತನ್ನಿ" ಎನ್ನುವುದು ಹೆಗಲ ಚಿಪ್ಪು ಶ್ವಾಸಕೋಶದ ಮೇಲಿಂದ ಆಚೆ ಸರಿಯಲಿ ಎಂದು. "ಉಸಿರು ಎಳೆದು ಹಿಡ್ಕೊಳ್ಳಿ" ಎನ್ನುವುದು ವಪೆ ಕೆಳಗಿಳಿದು ಶ್ವಾಸಕೋಶ ಪೂರ್ತಿ ಅರಳಲಿ ಎಂದು. ಫಲಕದ ಮೂಲೆಯಲ್ಲಿ ಬಲವೋ ಎಡವೋ ಎಂದು ಹೇಳುವ ಸೀಸದ ಪುಟ್ಟ ಅಕ್ಷರ ಒಂದಿರುತ್ತದೆ. ಹುಟ್ಟಿನಿಂದಲೇ ಹೃದಯ ಬಲಗಡೆ ಇರುವವರೂ ಇದ್ದಾರೆ, ಆ ಅಕ್ಷರ ತಪ್ಪಿದರೆ ಇಡೀ ಚಿತ್ರವೇ ತಪ್ಪು.

ಆಮೇಲೆ ಗುಂಡಿ. ಅದನ್ನು ಒತ್ತುವುದು ಎರಡು ಹಂತದಲ್ಲಿ. ಮೊದಲು ಅರ್ಧ ಒತ್ತಿದಾಗ ಸಣ್ಣಗೆ ಗುಂಯ್ ಎಂಬ ಸದ್ದು ಬರುತ್ತದೆ. ಕೊಳವೆಯೊಳಗಿನ ಟಂಗ್‌ಸ್ಟನ್ ತಟ್ಟೆ ನಿಮಿಷಕ್ಕೆ ಸುಮಾರು 3000 ಸುತ್ತು ತಿರುಗತೊಡಗಿದ ಸದ್ದು ಅದು. ಪೂರ್ತಿ ಒತ್ತಿದಾಗ, ಕಾದ ತಂತಿಯಿಂದ ಹೊರಟ ಎಲೆಕ್ಟ್ರಾನುಗಳು ಸಾವಿರಾರು ವೋಲ್ಟಿನ ಸೆಳೆತಕ್ಕೆ ಸಿಕ್ಕಿ ಆ ತಟ್ಟೆಗೆ ಬಂದು ಬಡಿಯುತ್ತವೆ. ಆ ಶಕ್ತಿಯಲ್ಲಿ ಎಕ್ಸ್‌ರೇ ಆಗುವುದು ನೂರಕ್ಕೆ ಒಂದು ಪಾಲು ಮಾತ್ರ. ಉಳಿದದ್ದೆಲ್ಲ ಶಾಖ. ತಟ್ಟೆ ತಿರುಗದಿದ್ದರೆ ಒಂದೇ ಜಾಗ ಕಾದು ಕರಗಿಹೋಗುತ್ತಿತ್ತು. ಹೊರಬಂದ ಕಿರಣವನ್ನು ಎಲುಬಿನ ಕ್ಯಾಲ್ಸಿಯಂ ಹೆಚ್ಚು ಹೀರುತ್ತದೆ, ಮಾಂಸ ಕಡಿಮೆ, ಗಾಳಿ ತುಂಬಿದ ಶ್ವಾಸಕೋಶ ತೀರಾ ಕಡಿಮೆ. ಬಿಳಿ, ಬೂದು, ಕಪ್ಪು ಮೂಡುವುದು ಹೀಗೆ. ಭಯ ಬೇಡ. ಎದೆಯ ಒಂದು ಎಕ್ಸ್‌ರೇಯಿಂದ ಮೈಗೆ ತಾಗುವ ವಿಕಿರಣ 0.1 ಮಿಲಿಸೀವರ್ಟ್ ದಾಟುವುದು ಅಪರೂಪ. ಮಣ್ಣು, ಕಲ್ಲು, ಆಕಾಶದಿಂದ ವರ್ಷಕ್ಕೆ ನಮಗೆ ಹೇಗೂ ಸರಾಸರಿ 2.4 ಮಿಲಿಸೀವರ್ಟ್ ಬರುತ್ತದೆ. ಗರ್ಭಿಣಿಯರು ಮಾತ್ರ ಮೊದಲೇ ಹೇಳಲೇಬೇಕು.

ಈ ನೆರಳು ಎಂಥ ಗಂಟನ್ನು ಬಿಡಿಸಬಲ್ಲದು ಎಂಬುದಕ್ಕೆ ಸಾಕ್ಷಿ ನಮಗೆ ದೂರವಿಲ್ಲ. ಬಾಳೆಬರೆ ಘಾಟಿ ಹತ್ತಿ ಹೊಸನಗರ ದಾಟಿದರೆ ಸಾಗರ. ಆ ತಾಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಒಂದು ವಿಚಿತ್ರ ಕಾಯಿಲೆ ಬೆಳಕಿಗೆ ಬಂತು. ಸೊಂಟ ಮತ್ತು ಮಂಡಿಯಲ್ಲಿ ನೋವು ಶುರುವಾಗಿ ನಡೆಯುವುದೇ ಕಷ್ಟವಾಗುತ್ತಿತ್ತು, ಕೆಲವರು ಕುಳ್ಳಗೇ ಉಳಿಯುತ್ತಿದ್ದರು. ನರಳಿದವರು ಚನ್ನಂಗಿ, ಚಲವಾದಿ ಸಮುದಾಯಗಳ ಬಡ ಕೂಲಿಕಾರರು. ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದೇ ಕಾರಣವಿರಬೇಕೆಂಬ ಅನುಮಾನ ಬಹಳ ಕಾಲ ಇತ್ತು. ಗದ್ದೆಯ ಏಡಿ ಬಲ್ಲ ಕರಾವಳಿಯವರಿಗೂ ಅದು ನಂಬುವಂತೆಯೇ ಇತ್ತು.

ಬಿಡಿ ರೋಗಿಗಳ ವರದಿಗಳಿಂದ ಉತ್ತರ ಸಿಗಲಿಲ್ಲ. ಸಂಶೋಧಕರು ಮನೆಮಂದಿಯ ಎಕ್ಸ್‌ರೇಗಳನ್ನು ಪಕ್ಕಪಕ್ಕ ಇಟ್ಟು, ವಂಶವೃಕ್ಷದ ಜೊತೆ ತಾಳೆ ನೋಡಿದರು. ತೊಡೆಯ ಎಲುಬಿನ ತಲೆ ಮತ್ತು ಬೆನ್ನುಮೂಳೆಯ ಮಣಿಗಳು ಬೆಳೆಯುವಾಗಲೇ ಸರಿಯಾಗಿ ರೂಪುಗೊಂಡಿರಲಿಲ್ಲ. ಕೀಲು ಸವೆದದ್ದು ಅದರ ಪರಿಣಾಮ. ಇದು ವಂಶವಾಹಿ ಕಾಯಿಲೆ ಎಂದು 1994ರಲ್ಲಿ 'ಸ್ಕೆಲಿಟಲ್ ರೇಡಿಯಾಲಜಿ' ಪತ್ರಿಕೆಯಲ್ಲಿ ಅಧ್ಯಯನ ಪ್ರಕಟವಾಯಿತು. ಅಳಿಯಸಂತಾನದ ಭೂತಾಳಪಾಂಡ್ಯನ ಕಟ್ಟು ಹುಟ್ಟಿತೆನ್ನುವ ಬಾರ್ಕೂರಿನಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು, ಈ ದೋಷ ಹಾಗಲ್ಲ. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ಕಾರಣ ತಿಳಿದರೂ ಬೇರುಸಹಿತ ಗುಣಪಡಿಸುವ ಮದ್ದು ಸಿಕ್ಕಿಲ್ಲ. ತಮ್ಮ ಎಲುಬಿನ ಚಿತ್ರ ಕೊಟ್ಟು ವೈದ್ಯಶಾಸ್ತ್ರಕ್ಕೆ ಪಾಠ ಕಲಿಸಿದ ಆ ಕುಟುಂಬಗಳ ಋಣ ಇನ್ನೂ ತೀರಿಲ್ಲ ಎಂದೇ ನನ್ನ ಭಾವನೆ.

ಹೋಲಿಸಿ ನೋಡುವ ಈ ಕ್ರಮ ನಮ್ಮ ನಿಮ್ಮ ಎದೆಯ ಚಿತ್ರಕ್ಕೂ ಬೇಕು. ವಾಸಿಯಾದ ಕ್ಷಯದ ಕಲೆ ಶ್ವಾಸಕೋಶದಲ್ಲಿ ಉಳಿಯುತ್ತದೆ. ಹೊಸ ಚಿತ್ರವೊಂದನ್ನೇ ನೋಡಿ ಅದು ಹಳೆಯದೋ ಹೊಸದೋ ಎನ್ನುವುದು ಕಷ್ಟ. ಎರಡು ವರ್ಷ ಬದಲಾಗದೆ ಉಳಿದ ಗಟ್ಟಿ ಚುಕ್ಕೆ ಸಾಮಾನ್ಯವಾಗಿ ಅಪಾಯದ್ದಲ್ಲ, ಆದರೆ ಬದಲಾಗಿಲ್ಲವೆಂದು ತಿಳಿಯಲು ಹಿಂದಿನ ಚಿತ್ರ ಬೇಕಲ್ಲ? "ಮೊದ್ಲು ತೆಗ್ಸಿದ್ ಎಕ್ಸ್‌ರೇ ಇತ್ತಾ?" ಎಂದು ಡಾಕ್ಟರು ಕೇಳುವುದು ಅದಕ್ಕೇ. ಮನೆಯಲ್ಲಿರುವ ಹಳೆಯ ಫಿಲ್ಮುಗಳ ಮೇಲೆ ಹೆಸರು, ತಾರೀಕು ಇದೆಯೇ ನೋಡಿ, ತೇವ ತಾಗದ ಕಡೆ ಚಪ್ಪಟೆಯಾಗಿಡಿ. ಮುಂದಿನ ಸಲ ಆಸ್ಪತ್ರೆಗೆ ಹೊರಟಾಗ ದಯವಿಟ್ಟು ಜೊತೆಗೆ ಒಯ್ಯಿರಿ.