ಬುಟ್ಟಿಗೆ ಡಿಸ್ಕ್ ಎಸೆಯೋ ಆಟ: ಏನಿದು ಡಿಸ್ಕ್ ಗಾಲ್ಫ್?

ಗಾಲ್ಫ್ ಅಂದ್ರೆ ದುಡ್ಡಿದ್ದವರ ಆಟ ಅನ್ನೋರೇ ಹೆಚ್ಚು. ಆದರೆ ಡಿಸ್ಕ್ ಗಾಲ್ಫ್‌ಗೆ ಕೋಲೂ ಬೇಡ, ಚೆಂಡೂ ಬೇಡ. ಪ್ಲಾಸ್ಟಿಕ್ ಡಿಸ್ಕ್ ಒಂದಿದ್ದರೆ ಸಾಕು. ಇದರ ಮೊದಲ ಕಾಯಂ ಕೋರ್ಸ್ ಎನಿಸಿಕೊಂಡದ್ದು ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕ್‌ನದ್ದು. 1975ರಲ್ಲಿ ರೂಪಿಸಿದವರು ಎಡ್ ಹೆಡ್ರಿಕ್. ಅಮೆರಿಕದ ಪಾರ್ಕ್‌ಗಳಲ್ಲಿ ಈಗ ಹೊಸಬರಿಗೆಂದೇ 9 ಬುಟ್ಟಿಗಳ ಚಿಕ್ಕ ಕೋರ್ಸ್‌ಗಳೂ ಇವೆ.

ಆಡೋದು ಹೇಗೆ? ಗುರುತಿನ ಜಾಗದಿಂದ ಎಸೆಯಬೇಕು. ಡಿಸ್ಕ್ ಬಿದ್ದಲ್ಲಿಂದಲೇ ಮುಂದಿನ ಎಸೆತ. ಸರಪಳಿಗೆ ಬಡಿದು ಬುಟ್ಟಿಯೊಳಗೆ ನಿಂತರೆ ಮುಂದಿನ ಬುಟ್ಟಿಗೆ ಹೋಗೋದು. ಒಟ್ಟು ಎಸೆತ ಯಾರದ್ದು ಕಡಿಮೆಯೋ ಅವರೇ ಗೆದ್ದಂತೆ. ಹೊಸಬರಿಗೆ ನಿಧಾನವಾಗಿ ಹಾರುವ 'ಪಟರ್' ಡಿಸ್ಕ್ ಒಂದೇ ಸಾಕು. ಜೋರಿಗಿಂತ ಗುರಿ ಮುಖ್ಯ.

ಎಚ್ಚರ ಮಾತ್ರ ತಪ್ಪಬಾರದು. ಈ ಡಿಸ್ಕ್ ಮಕ್ಕಳ ಫ್ರಿಸ್ಬಿಗಿಂತ ಗಟ್ಟಿ, ತಾಗಿದರೆ ಪೆಟ್ಟಾಗುತ್ತೆ. ವಾಕಿಂಗ್‌ನವರು, ಮಕ್ಕಳು ದಾಟೋವರೆಗೆ ಕೈ ತಡೆಯಬೇಕು. ಇದು ಆಟದ ನಿಯಮವೂ ಹೌದು.