60 ರೂಪಾಯಿಯ ಡಯೋಡ್, 3,200 ರೂಪಾಯಿಯ ಅಂದಾಜು

ಲೈಟ್ ಉರಿಯುತ್ತದೆ, ಪ್ಲೇಟ್ ತಿರುಗುತ್ತದೆ, ಫ್ಯಾನ್ ಓಡುತ್ತದೆ, ಸಮಯ ಮುಗಿದರೆ ಟಿಂಗ್ ಎನ್ನುತ್ತದೆ. ಒಳಗಿಟ್ಟ ತಿಂಡಿ ಮಾತ್ರ ಇಟ್ಟಾಗ ಹೇಗಿತ್ತೋ ಹಾಗೇ ತಣ್ಣಗೆ! ಮೈಕ್ರೋವೇವ್ ಓವನ್ ಹೀಗೆ ಕೈಕೊಟ್ಟಾಗ ಬಹಳ ಸಲ ಸಿಗುವ ಉತ್ತರ ಒಂದೇ: ‘ಮ್ಯಾಗ್ನೆಟ್ರಾನ್ ಹೋಗಿದೆ’. ಓವನ್ನಿನ ಹೃದಯವೇ ಅದು, ದುಬಾರಿ ಭಾಗವೂ ಅದೇ. ಆದರೆ ಬಿಸಿಯಾಗದಿರಲು ಇನ್ನೂ ನಾಲ್ಕೈದು ಕಾರಣಗಳಿವೆ. ಅವುಗಳಲ್ಲಿ ಒಂದರ ಬೆಲೆ ಒಂದು ಮಸಾಲೆ ದೋಸೆಯಷ್ಟು.

ನಮ್ಮ ಹಾಸ್ಟೆಲ್ ಪಕ್ಕದ ಪುಟ್ಟ ಬೇಕರಿಯ ಆಂಟಿಗೂ ಅದೇ ಉತ್ತರ ಸಿಕ್ಕಿತ್ತು. ಅಂದಾಜು ಖರ್ಚು 3,200 ರೂಪಾಯಿ. ಸಂಜೆ ಐದರಿಂದ ಎಂಟರವರೆಗೆ ಬಿಸಿ ಪಫ್ ಮಾರಿದರೇ ಅವರಿಗೆ ಅಂದಿನ ವ್ಯಾಪಾರ. ವಾರದಿಂದ ಹುಡುಗರು ಎದುರಿನ ಅಂಗಡಿಯ ಕಡೆ ಹೊರಳಿದ್ದರು. ‘ನೀನು ಇಂಜಿನಿಯರಿಂಗ್ ಅಲ್ವಾ, ಒಂದ್ಸಲ ನೋಡಪ್ಪ’ ಎಂದರು. ನಾನು ಓದುತ್ತಿರುವುದು ಎಲೆಕ್ಟ್ರಾನಿಕ್ಸ್ ನಿಜ. ಆದರೂ ಬೇಕರಿಯ ಕಟ್ಟೆಯ ಮೇಲೆ ಅದನ್ನು ಬಿಚ್ಚಲು ಒಪ್ಪಲಿಲ್ಲ. ಕಾಲೇಜಿನ ಲ್ಯಾಬ್ ಇನ್‌ಸ್ಟ್ರಕ್ಟರ್ ಅವರನ್ನು ಕೇಳಿ, ಗೆಳೆಯನ ಜೊತೆ ಓವನ್ನನ್ನು ಲ್ಯಾಬಿಗೇ ಹೊತ್ತೊಯ್ದೆ.

ಕಾರಣ ಇದೆ. ಮನೆಯ ಉಪಕರಣಗಳಲ್ಲಿ ಇಷ್ಟು ಅಪಾಯಕಾರಿಯಾದದ್ದು ಮತ್ತೊಂದು ಸಿಗುವುದು ಕಷ್ಟ. ಒಳಗಿನ ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು ಸುಮಾರು 2000 ವೋಲ್ಟಿಗೆ ಏರಿಸುತ್ತದೆ. ಪಕ್ಕದಲ್ಲೇ ಸುಮಾರು 1 ಮೈಕ್ರೋಫ್ಯಾರಡ್‌ನ ಕೆಪಾಸಿಟರ್. 2000 ವೋಲ್ಟಿನ ಪೀಕ್ 2800. ಸೂತ್ರಕ್ಕೆ ಹಾಕಿದರೆ ಹತ್ತಿರ ಹತ್ತಿರ 4 ಜೌಲ್ ಶಕ್ತಿ ಅದರಲ್ಲಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ! ಅದನ್ನು ಇಳಿಸಲು ಕೆಪಾಸಿಟರ್ ಒಳಗೇ 10 ಮೆಗಾಓಮ್ ರೆಸಿಸ್ಟರ್ ಇರುತ್ತದೆ. ಟೈಮ್ ಕಾನ್‌ಸ್ಟೆಂಟ್ 10 ಸೆಕೆಂಡ್, ಹಾಗಾಗಿ ಒಂದು ನಿಮಿಷದಲ್ಲಿ ಬಹುತೇಕ ಖಾಲಿ. ಆದರೆ ಆ ರೆಸಿಸ್ಟರೇ ಸುಟ್ಟಿದ್ದರೆ? ಹೊರಗಿನಿಂದ ಗೊತ್ತಾಗುವುದೇ ಇಲ್ಲ. ಆದ್ದರಿಂದ ಪ್ಲಗ್ ಕಿತ್ತು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟು, ಕೆಲವು ನಿಮಿಷ ಕಾದೆವು. ಆಮೇಲೆ ಇನ್‌ಸ್ಟ್ರಕ್ಟರ್ ಒಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಇನ್ನೊಂದರಿಂದ ಹೈವೋಲ್ಟೇಜ್ ರೆಸಿಸ್ಟರ್ ಮೂಲಕ ಕೆಪಾಸಿಟರ್ ಡಿಸ್ಚಾರ್ಜ್ ಮಾಡಿದರು. ಎರಡೂ ಕೈ ಒಳಗಿದ್ದರೆ ಕರೆಂಟ್ ಎದೆಯ ಮೂಲಕ ಹಾದುಹೋಗಬಹುದು, ಅದಕ್ಕೆ ಈ ಭಂಗಿ. ಅನುಭವಿಗಳು ಪಕ್ಕದಲ್ಲಿಲ್ಲದಿದ್ದರೆ ಯೂಟ್ಯೂಬ್ ನಂಬಿ ಈ ಕವರ್ ಬಿಚ್ಚಬೇಡಿ. ಇದನ್ನು ಸುಮ್ಮನೆ ಶಾಸ್ತ್ರಕ್ಕೆ ಹೇಳುತ್ತಿಲ್ಲ.

ಈಗ ಸರ್ಕ್ಯೂಟ್. ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್, ಒಂದು ಡಯೋಡ್ ಸೇರಿದರೆ ಹಾಫ್ ವೇವ್ ವೋಲ್ಟೇಜ್ ಡಬ್ಲರ್. ಒಂದು ಅರ್ಧ ಸೈಕಲ್‌ನಲ್ಲಿ ಡಯೋಡ್ ಮೂಲಕ ಕೆಪಾಸಿಟರ್ ತುಂಬಿಕೊಳ್ಳುತ್ತದೆ. ಮುಂದಿನ ಅರ್ಧದಲ್ಲಿ ಆ ವೋಲ್ಟೇಜ್ ಟ್ರಾನ್ಸ್‌ಫಾರ್ಮರಿನದರ ಜೊತೆ ಕೂಡಿ, ಮ್ಯಾಗ್ನೆಟ್ರಾನ್‌ನ ಕ್ಯಾಥೋಡಿಗೆ ಸುಮಾರು ಮೈನಸ್ 4000 ವೋಲ್ಟ್ ಸಿಗುತ್ತದೆ. ಆಗ 2450 ಮೆಗಾಹರ್ಟ್ಸ್‌ನ ಅಲೆಗಳು ಹುಟ್ಟುತ್ತವೆ. ಇದು ನಾವು ಲ್ಯಾಬಿನಲ್ಲಿ 10 ವೋಲ್ಟಿನಲ್ಲಿ ಮಾಡಿ, ರೆಕಾರ್ಡ್ ಬರೆದು, ಮರೆತುಬಿಟ್ಟ ಕ್ಲಾಂಪರ್ ಸರ್ಕ್ಯೂಟೇ! ಇಂಟರ್‌ವ್ಯೂನಲ್ಲಿ ಕ್ಲಾಂಪರ್ ಎಲ್ಲಿ ಬಳಸುತ್ತಾರೆ ಎಂದು ಕೇಳಿದರೆ ಇನ್ನು ತಡವರಿಸಬೇಕಿಲ್ಲ. (ಅಂದಹಾಗೆ, ಮ್ಯಾಗ್ನೆಟ್ರಾನ್ ಮೊದಲು ರಾಡಾರ್‌ಗೆ ದುಡಿದದ್ದು. 1945ರಲ್ಲಿ ಅಮೆರಿಕದ ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್ ಅದರ ಹತ್ತಿರ ನಿಂತಾಗ ಜೇಬಿನಲ್ಲಿದ್ದ ತಿನಿಸು ಕರಗಿತು ಎನ್ನುವುದು ಪ್ರಸಿದ್ಧ ಕಥೆ. ಆತ ಹೈಸ್ಕೂಲ್ ಕೂಡ ಓದಿದವನಲ್ಲ.)

ಪರೀಕ್ಷೆಯೆಲ್ಲ ಕರೆಂಟ್ ಇಲ್ಲದೆಯೇ. ನಮ್ಮ ಮಲ್ಟಿಮೀಟರ್ ತಾಳಿಕೊಳ್ಳುವುದು 600 ಅಥವಾ 1000 ವೋಲ್ಟ್. 4000 ವೋಲ್ಟಿಗೆ ಅದನ್ನು ಹಿಡಿಯುವ ಮಾತೇ ಇಲ್ಲ. ಫ್ಯೂಸ್, ಬಾಗಿಲಿನ ಸ್ವಿಚ್‌ಗಳು, ಥರ್ಮಲ್ ಕಟೌಟ್ ಎಲ್ಲ ಸರಿ ಇದ್ದವು. ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಕೆಲವೇ ಓಮ್, ಸೆಕೆಂಡರಿ ನೂರರ ಆಸುಪಾಸು, ಸರಿ. ಕೆಪಾಸಿಟರ್ ಕೂಡ ಸರಿ. ಮ್ಯಾಗ್ನೆಟ್ರಾನ್‌ನ ಫಿಲಮೆಂಟ್ ಒಂದು ಓಮ್‌ಗಿಂತ ಕಡಿಮೆ, ಫಿಲಮೆಂಟಿನಿಂದ ಬಾಡಿಗೆ ಸಂಪರ್ಕವೇ ಇಲ್ಲ. ಅಂದರೆ 3,200 ರೂಪಾಯಿಯ ಆರೋಪಿಯ ಮೇಲೆ ಸಾಕ್ಷ್ಯ ಸಿಗಲಿಲ್ಲ. ಹಾಗಂತ ಅದು ಪೂರ್ತಿ ನಿರಪರಾಧಿಯೂ ಅಲ್ಲ. ಮೀಟರಿಗೆ ಸರಿ ಕಂಡೂ ಒಳಗೆ ಸೋತಿರುವ ಮ್ಯಾಗ್ನೆಟ್ರಾನ್‌ಗಳಿವೆ.

ಉಳಿದದ್ದು ಡಯೋಡ್. ಮೀಟರನ್ನು ಡಯೋಡ್ ಮೋಡ್‌ಗೆ ಹಾಕಿ ಎರಡೂ ದಿಕ್ಕಿನಲ್ಲಿ ನೋಡಿದರೆ ‘ಓಎಲ್’, ಅಂದರೆ ಓಪನ್. ‘ಸಿಕ್ಕಿತು, ಸುಟ್ಟಿದೆ’ ಎಂದ ಗೆಳೆಯ. ಇನ್‌ಸ್ಟ್ರಕ್ಟರ್ ನಕ್ಕು, ‘ಹೊಸದನ್ನು ತಂದು ಅದನ್ನೂ ನೋಡು’ ಎಂದರು. ಎಸ್.ಪಿ. ರಸ್ತೆಯಲ್ಲಿ 60 ರೂಪಾಯಿಗೆ ಸಿಕ್ಕ ಹೊಸ ಡಯೋಡ್ ಕೂಡ ಎರಡೂ ಕಡೆ ಓಎಲ್!

ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಜಾಗ ಇದು. ಪುಸ್ತಕದ ಸಿಲಿಕಾನ್ ಡಯೋಡಿಗೆ 0.7 ವೋಲ್ಟ್ ಸಾಕು. ಆದರೆ 12,000 ವೋಲ್ಟ್ ತಡೆಯಬೇಕಾದ ಈ ಡಯೋಡಿನಲ್ಲಿ ಹಲವು ಜಂಕ್ಷನ್‌ಗಳನ್ನು ಸರಣಿಯಲ್ಲಿ ಪೇರಿಸಿರುತ್ತಾರೆ. ಒಂದೊಂದಕ್ಕೂ 0.7 ಕೊಟ್ಟು ಮುಗಿಯುವಾಗ ಐದಾರು ವೋಲ್ಟ್, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಮೀಟರ್ ಕೊಡುವುದೋ ಎರಡು ಮೂರು ವೋಲ್ಟ್. ಒಳ್ಳೆಯ ಡಯೋಡೂ ಅದಕ್ಕೆ ಬಾಗಿಲು ತೆರೆಯುವುದಿಲ್ಲ. ಶಾರ್ಟ್ ಆಗಿದ್ದರೆ ಮೀಟರ್ ಹೇಳುತ್ತದೆ, ಓಪನ್ ಆಗಿದ್ದರೆ ಹೇಳಲಾರದು.

ಉಪಾಯ ಸರಳ. 9 ವೋಲ್ಟಿನ ಎರಡು ಬ್ಯಾಟರಿ ಸರಣಿಯಲ್ಲಿ, ಜೊತೆಗೆ 10 ಕಿಲೋಓಮ್ ರೆಸಿಸ್ಟರ್, ಆಮೇಲೆ ಡಯೋಡ್. ಹೊಸ ಡಯೋಡಿನ ಎರಡು ತುದಿಗೆ ಮೀಟರ್ ಹಿಡಿದಾಗ ಒಂದು ದಿಕ್ಕಿನಲ್ಲಿ ಸುಮಾರು 6 ವೋಲ್ಟ್, ತಿರುಗಿಸಿದರೆ ಬ್ಯಾಟರಿಯ ಪೂರ್ತಿ 18. ಹಳೆಯದಕ್ಕೆ ಎರಡೂ ದಿಕ್ಕಿನಲ್ಲಿ 18. ಈಗ ಗೆಳೆಯನ ಮಾತು ಸರಿ, ಈ ಸಲ ಪುರಾವೆ ಸಮೇತ. ಓವನ್ನಿನ ಲಕ್ಷಣವೂ ಇದಕ್ಕೆ ಹೊಂದುತ್ತಿತ್ತು. ಡಯೋಡ್ ಶಾರ್ಟ್ ಆಗಿದ್ದರೆ ಟ್ರಾನ್ಸ್‌ಫಾರ್ಮರ್ ಜೋರಾಗಿ ಗುಂಯ್‌ಗುಡುತ್ತದೆ. ನಮ್ಮದರಲ್ಲಿ ಶುರುವಾದ ಒಂದೆರಡು ಸೆಕೆಂಡಿಗೆ ಏರಬೇಕಾದ ಸದ್ದೂ ಏರುತ್ತಿರಲಿಲ್ಲ.

ಹೊಸದನ್ನು ಕೂರಿಸುವುದು ಐದು ನಿಮಿಷದ ಕೆಲಸ. ದಿಕ್ಕು ಮಾತ್ರ ಮುಖ್ಯ. ಡಯೋಡಿನ ಕ್ಯಾಥೋಡ್ ತುದಿ ಓವನ್ನಿನ ಲೋಹದ ಬಾಡಿಗೆ ಸ್ಕ್ರೂ ಆಗಬೇಕು, ಇನ್ನೊಂದು ಕೆಪಾಸಿಟರ್‌ಗೆ. ಉಲ್ಟಾ ಹಾಕಿದರೆ ಮ್ಯಾಗ್ನೆಟ್ರಾನ್‌ಗೆ ತಪ್ಪು ಚಿಹ್ನೆಯ ವೋಲ್ಟೇಜ್ ಹೋಗಿ ಓವನ್ ಮತ್ತೆ ತಣ್ಣಗೇ ಇರುತ್ತದೆ. ಕವರಿನ ಅಷ್ಟೂ ಸ್ಕ್ರೂ ಬಿಗಿದ ಮೇಲಷ್ಟೇ ಪ್ಲಗ್ ಹಾಕಿದೆವು. ಇದೆಲ್ಲ ಭಾರದ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇರುವ ಓವನ್‌ಗಳ ಮಾತು. ಇನ್ವರ್ಟರ್ ಮಾದರಿಗಳ ಸರ್ಕ್ಯೂಟ್ ಬೇರೆ.

ಮ್ಯಾಗ್ನೆಟ್ರಾನ್ ಸೋತಿರಬಹುದೆಂಬ ಅನುಮಾನ ಇನ್ನೂ ಬಾಕಿ ಇತ್ತಲ್ಲ, ಅದಕ್ಕೂ ಒಂದು ಲೆಕ್ಕ ಇದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4,200 ಜೌಲ್ ಬೇಕು. 60 ಸೆಕೆಂಡಿನಿಂದ ಭಾಗಿಸಿದರೆ 70 ವ್ಯಾಟ್. ಅಂದರೆ ಪೂರ್ಣ ಪವರ್‌ನಲ್ಲಿ ಒಂದು ನಿಮಿಷ ಇಟ್ಟು, ಏರಿದ ಡಿಗ್ರಿಯನ್ನು 70ರಿಂದ ಗುಣಿಸಿದರೆ ಓವನ್ನಿನ ಪವರ್ ಸಿಗುತ್ತದೆ. ಗಾಜಿನ ಬೌಲ್‌ನಲ್ಲಿ ನೀರಿಟ್ಟು ಥರ್ಮಾಮೀಟರ್ ಅದ್ದಿದಾಗ 26 ಡಿಗ್ರಿ. ಒಂದು ನಿಮಿಷದ ನಂತರ ಕಲಕಿ ನೋಡಿದಾಗ 36. ಓವನ್ನಿನ ಹಿಂಬದಿಯ ಚೀಟಿಯಲ್ಲಿ 800 ವ್ಯಾಟ್ ಎಂದಿದೆ, ನಮಗೆ ಸಿಕ್ಕಿದ್ದು 700. ಬೌಲ್ ತಾನೂ ಸ್ವಲ್ಪ ಬಿಸಿಯಾಗಿತ್ತು.